‘ಎಲ್ಲಾ ಸಪ್ಪಗ ಐತ್ರಿ’

‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆ ಕಟ್ಟಿದವರು ಯಾರಾದರೂ ನನ್ನ ಕೈಗೆ ಸಿಕ್ಕಿದ್ದರೆ ನಾಲ್ಕು ಮಾತು ಬೈಯುತ್ತಿದ್ದೆ. ನಾನು ಮನೋವೈದ್ಯೆ. ಮನೆ ಸಿರ್ಸಿಯಲ್ಲಿ; ವಾರದಲ್ಲಿ ಒಂದು ದಿನ ಸಿದ್ದಾಪುರಕ್ಕೆ, ಒಂದು ದಿನ ಯಲ್ಲಾಪುರಕ್ಕೆ ಹೋಗಿ ರೋಗಿಗಳನ್ನು ನೋಡುತ್ತೇನೆ. ವಯಸ್ಸಾದವರ ಖಿನ್ನತೆ ನನ್ನ ಕೋಣೆಗೆ ಆ ಹೆಸರಿನಲ್ಲಿ ಬರುವುದೇ ಇಲ್ಲ. ಹೊಟ್ಟೆ ಕಟ್ಟಿದೆ ಎಂದು ಬರುತ್ತದೆ, ಅಂಗಾಲು ಉರಿ ಎಂದು ಬರುತ್ತದೆ, ಏನೂ ತೋಚದಿದ್ದಾಗ ಮನೆಯವರು ಈ ಗಾದೆ ಹೇಳಿ ಮುಗಿಸುತ್ತಾರೆ. ಗಾದೆ ಹೇಳಿದ ಮೇಲೆ ಔಷಧದ ಮಾತೆಲ್ಲಿ?

ಕಿರವತ್ತಿಯ ಆ ಅಜ್ಜಿಯನ್ನೂ ಹಾಗೆಯೇ ಕರೆತಂದಿದ್ದರು. ಕಡು ಬೇಸಿಗೆ. ಯಲ್ಲಾಪುರದಲ್ಲಿ ನಾನು ಕೂರುವ ಬಾಡಿಗೆ ಕೋಣೆಯ ಫ್ಯಾನು ಬಿಸಿಗಾಳಿಯನ್ನೇ ಮತ್ತೆ ಮತ್ತೆ ತಿರುವುತ್ತಿತ್ತು. ಎಪ್ಪತ್ತರ ಆಸುಪಾಸಿನ ಹೆಂಗಸು, ಜೊತೆಗೆ ಮಗ, ಸೊಸೆ. ಹೆದ್ದಾರಿಯ ಪಕ್ಕ ಅವರದೊಂದು ಖಾನಾವಳಿ. ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ. ಗಂಡ ತೀರಿಕೊಂಡ ಮೇಲೆ ಅದನ್ನು ಕಟ್ಟಿ ನಿಲ್ಲಿಸಿದವರು ಈ ಅಜ್ಜಿಯೇ. ಲಾರಿಯವರು ಹುಬ್ಬಳ್ಳಿ ದಾಟಿದ ಮೇಲೂ ಹಸಿವು ಕಟ್ಟಿಕೊಂಡು ಇವರ ಕೈಯಡುಗೆಗಾಗಿ ಬರುತ್ತಿದ್ದರಂತೆ. ಈಗ ಕೆಲವು ತಿಂಗಳಿಂದ ಒಲೆಯ ಕಡೆ ತಿರುಗಿಯೂ ನೋಡಿಲ್ಲ. ಗೋಡೆಗೆ ಒರಗಿ ಕೂತರೆ ಕೂತಲ್ಲೇ.

"ಅರಳು ಮರಳು ಸುರು ಆಗೈತಿ ಅನಸ್ತೈತ್ರಿ" ಎಂದ ಮಗ.

ನಾನು ಅಜ್ಜಿಯ ಎದುರಿಗೆ ಸ್ಟೂಲು ಎಳೆದುಕೊಂಡು ಕೂತೆ. ಇವತ್ತು ಯಾವ ವಾರ, ಹೆದ್ದಾರಿಯಲ್ಲಿ ಯಾವ ಕಡೆಗೆ ಹುಬ್ಬಳ್ಳಿ, ನೂರರಿಂದ ಏಳೇಳು ಕಳೆಯುತ್ತ ಬಂದರೆ ಎಷ್ಟು? ಎಲ್ಲಕ್ಕೂ ನಿಧಾನವಾಗಿ, ಆದರೆ ಸರಿಯಾಗಿ ಉತ್ತರ ಬಂತು. ಖಾನಾವಳಿ ನಡೆಸಿದವರಿಗೆ ಕಳೆಯುವ ಲೆಕ್ಕ ಮರೆಯುತ್ತದೆಯೇ? ಬುದ್ಧಿ ನೆಟ್ಟಗಿತ್ತು, ಸೋತದ್ದು ಮನಸ್ಸು. ಬೆಳಗಿನ ಜಾವಕ್ಕೇ ಎಚ್ಚರ, ಮೈ ಇಳಿದು ಕುಪ್ಪಸದ ತೋಳು ಜೋಲಾಡುತ್ತಿತ್ತು.

"ಊಟ ಹೇಗಿದೆ ಅಮ್ಮ?"

"ಎಲ್ಲಾ ಸಪ್ಪಗ ಐತ್ರಿ ಡಾಕ್ಟರ್ ಬಾಯಾರ."

"ಜೀವನ ಸಾಕು ಅನ್ನಿಸ್ತದಾ?"

ಅವರು ಮಗನ ಕಡೆ ನೋಡಲಿಲ್ಲ. "ನನ್ನ ಉಪ್ಪಿನ ಋಣ ತೀರೈತ್ರಿ. ದುಡೀಲಾರದಾಕಿ ಮನ್ಯಾಗ ಕುಂತ ಉಣಬಾರದು."

ಯಾವುದರಲ್ಲೂ ರುಚಿಯಿಲ್ಲ, ತಾನು ಹೊರೆ ಎಂಬ ಭಾವ, ಸಾವಿನ ಯೋಚನೆ ಇದೆ. ಹೀಗೆ ಬರೆದುಕೊಂಡೆ. ಏನಾದರೂ ಮಾಡಿಕೊಳ್ಳುವ ಯೋಚನೆ ಇದೆಯೇ ಎಂದು ಬಿಡಿಸಿ ಕೇಳಿದೆ. ಇಲ್ಲವೆಂದು ತಲೆಯಾಡಿಸಿದರು. ಸೊಂಟಕ್ಕೆ ಸಿಕ್ಕಿಸಿದ್ದ ಎಲೆಯಡಿಕೆಯ ಸಂಚಿಯ ಮೇಲೆ ಅವರ ಕೈ ಇತ್ತು.

"ಎಲೆಯಡಿಕೆ ಹಾಕ್ತೀರಾ?" ಎಂದೆ, ಮಾತಿಗೆ.

"ಬಿಟ್ಟಾರ್ರಿ" ಎಂದಳು ಸೊಸೆ. "ಸಂಚಿ ಮಾತ್ರ ಬಿಟ್ಟಿಲ್ಲ. ಮಲಗೂ ಮುಂದೂ ಬೇಕು."

ಇಷ್ಟು ವರ್ಷದ ಅಭ್ಯಾಸ, ಕೈ ಬಿಡಲೊಲ್ಲದು ಎಂದುಕೊಂಡೆ.

ಎಳೆಯರಿಗೆ ಖಿನ್ನತೆಯ ಗುಳಿಗೆ ಬರೆಯುವಾಗ ಕಾಯಿಲೆಯನ್ನು ಸರಿಯಾಗಿ ನೋಡಿದರೆ ಮುಕ್ಕಾಲು ಕೆಲಸ ಮುಗಿಯಿತು. ವಯಸ್ಸಾದವರ ವಿಷಯ ಮದುವೆಗೆ ಕರೆಯಲು ಹೊರಟ ಹಾಗೆ: ಹೃದಯ, ಮೂತ್ರಪಿಂಡ, ಎಲುಬು, ಮೊದಲೇ ನುಂಗುತ್ತಿರುವ ಗುಳಿಗೆಗಳು, ಎಲ್ಲರನ್ನೂ ಕೇಳಿಕೊಂಡು ಬರಬೇಕು, ಒಬ್ಬರನ್ನು ಬಿಟ್ಟರೂ ಆಮೇಲೆ ಜಗಳ. ಈ ಅಜ್ಜಿಗೆ ಬೇರೊಂದು ಊರಿನ ಡಾಕ್ಟರು ನಿದ್ದೆಗೆಂದು ಹಳೆಯ ತಲೆಮಾರಿನ ಖಿನ್ನತೆಯ ಗುಳಿಗೆ ಕೊಟ್ಟಿದ್ದರು. ನಿದ್ದೆ ಬಂತು, ಮೂತ್ರ ಕಟ್ಟಿತು, ಬಚ್ಚಲಲ್ಲಿ ಎದ್ದು ನಿಂತವರು ಕಣ್ಣು ಕತ್ತಲೆಯಾಗಿ ಬಿದ್ದಿದ್ದರು. ಆ ಗುಳಿಗೆ ವಯಸ್ಸಾದ ಹೃದಯಕ್ಕೂ ಒಳ್ಳೆಯದಲ್ಲ. ತಕ್ಷಣ ನಿಲ್ಲಿಸಿ ಎಂದೆ. ಆಗಲೇ ನಿಲ್ಲಿಸಿದ್ದರಂತೆ.

"ಉಳಿದದ್ದು?"

"ಒಗದೀನ್ರಿ" ಎಂದ ಮಗ.

ಉಳಿದದ್ದು ಎರಡು ದಾರಿ. ಎಸ್ಸಿಟಲೊಪ್ರಾಮ್ ಎಂಬ ಗುಳಿಗೆ: ಹಗುರ, ಎಲ್ಲೆಡೆ ಸಿಗುತ್ತದೆ, ಮೂತ್ರ ಕಟ್ಟುವುದಿಲ್ಲ. ಆದರೆ ವಯಸ್ಸಾದವರ ರಕ್ತದಲ್ಲಿ ಸೋಡಿಯಂ, ಅಂದರೆ ಉಪ್ಪಿನಂಶವನ್ನು ಇಳಿಸುವ ದುರ್ಗುಣ ಇದೆ. ಇನ್ನೊಂದು ಮಿರ್ಟಜಪಿನ್: ನಿದ್ದೆ ಬರಿಸುತ್ತದೆ, ಹಸಿವು ಹುಟ್ಟಿಸುತ್ತದೆ, ಉಪ್ಪಿನ ತಂಟೆ ಕಡಿಮೆ. ಆದರೆ ತೂಕಡಿಕೆ ಜಾಸ್ತಿ, ಒಮ್ಮೆ ಬಿದ್ದವರು ಮತ್ತೆ ಬೀಳಬಹುದು. ಇಸಿಜಿ ಸರಿ ಇತ್ತು. ಸೋಡಿಯಂ ಕೆಳಗಿನ ಅಂಚಿನಲ್ಲಿದ್ದರೂ ಗೆರೆಯೊಳಗೆ ಇತ್ತು. ಬಿಪಿಯ ಗುಳಿಗೆಯಲ್ಲಿ ಮೂತ್ರ ಹೊರಡಿಸುವ ಔಷಧವೂ ಬೆರೆತಿತ್ತು, ಅದೂ ಉಪ್ಪನ್ನು ಕಳೆಯುವಂಥದ್ದೇ. ಸಿರ್ಸಿಯಲ್ಲಿ ನನಗಿಂತ ಹಿರಿಯರಾದ ಒಬ್ಬ ಫಿಸಿಶಿಯನ್ ಇದ್ದಾರೆ. ಫೋನಿನಲ್ಲಿ ಅವರನ್ನು ಕೇಳಿ ಅದನ್ನು ಬದಲಿಸಿದೆ. ಬೀಳುವ ಭಯವೇ ಹೆಚ್ಚೆನಿಸಿ ಎಸ್ಸಿಟಲೊಪ್ರಾಮನ್ನೇ ಆರಿಸಿದೆ, ಅತಿ ಕಡಿಮೆ ಪ್ರಮಾಣದಲ್ಲಿ. ಹತ್ತು ದಿನಕ್ಕೆ ಮತ್ತೆ ರಕ್ತ ಪರೀಕ್ಷೆ ಆಗಲೇಬೇಕು ಎಂದೆ.

ರೋಗಿ ಆಡಿದ ಮಾತನ್ನೇ ರೋಗಿಗೆ ಹಿಂತಿರುಗಿಸಿ ಆಡಬೇಕು ಎಂದು ನಮಗೆ ಕಲಿಸಿದ್ದಾರೆ. ಪುಸ್ತಕದ ಶಬ್ದ ಬೇಡ, ಅವರ ಶಬ್ದ ಸಾಕು. ಒಳ್ಳೆಯ ಪಾಠ, ನಾನೂ ಕಿರಿಯರಿಗೆ ಅದನ್ನೇ ಹೇಳುತ್ತೇನೆ. ಅಂದೂ ಹಾಗೇ ಮಾಡಿದೆ.

"ಗುಳಿಗೆ ಹತ್ತಲಿಕ್ಕೆ ಟೈಮ್ ಬೇಕು. ಈ ಸಪ್ಪಗಿರೋದು ಇನ್ನೂ ಒಂದೂವರೆ ತಿಂಗಳು ನಡೀತದೆ. ಗಾಬರಿ ಬೇಡ, ಗುಳಿಗೆ ಮಾತ್ರ ಬಿಡಬೇಡಿ."

"ಆತ್ರಿ" ಎಂದಳು ಸೊಸೆ, ಬಹಳ ಗಮನವಿಟ್ಟು ಕೇಳಿ.

ಹೊಲಕ್ಕೆ ಹೊಡೆಯುವ ಔಷಧಿಗೆ ಬೀಗ ಹಾಕಿಡಿ, ಒಬ್ಬರನ್ನೇ ಬಿಡಬೇಡಿ ಎಂದು ಮಗನಿಗೆ ಬೇರೆಯಾಗಿ ಹೇಳಿ ಕಳಿಸಿದೆ.

ಮುಂದಿನ ಭೇಟಿಗೆ ಸೊಸೆ ಒಬ್ಬಳೇ ಬಂದಳು. ಅತ್ತೆ ಆರಾಮ ಇದ್ದಾರೆ, ಮೊದಲು ನಿದ್ದೆಯೇ ಇರಲಿಲ್ಲ, ಈಗ ಹಗಲೂ ಮಲಗುತ್ತಾರೆ, ಸ್ವಲ್ಪ ತಲೆಸಿಡಿತ ಅಷ್ಟೆ ಎಂದಳು. ನನಗೆ ಆ ಹಗಲು ನಿದ್ದೆ ಹಿಡಿಸಲಿಲ್ಲ. ಎಸ್ಸಿಟಲೊಪ್ರಾಮಿಗೆ ಅಷ್ಟು ಬೇಗ ಅಷ್ಟು ನಿದ್ದೆ ಬರಬಾರದು.

"ರಕ್ತ ಕೊಟ್ರಾ?"

"ಲಗ್ನದ ಸೀಜನ್ ಐತ್ರಿ, ಖಾನಾವಳ್ಯಾಗ ಕಾಲಿಡಾಕ ಜಾಗಾ ಇಲ್ಲ. ಈ ವಾರ ಕೊಡಸ್ತೇವ್ರಿ."

ನಾಳೆಯೇ ಕೊಡಿಸಿ ಎಂದೆ. ಮಗನಿಗೂ ಫೋನು ಮಾಡಿದೆ. ಹ್ಞೂಂ ಎಂದ. ಹ್ಞೂಂ ಎನ್ನುವುದಕ್ಕೂ ಬಸ್ಸು ಹತ್ತುವುದಕ್ಕೂ ನಮ್ಮ ಕಡೆ ಬಹಳ ಅಂತರ.

ಸಿದ್ದಾಪುರದ ಸರದಿಯ ದಿನ ಹೆಗ್ಗರಣೆ ಕಡೆಯ ಒಬ್ಬ ರೋಗಿಯನ್ನು ನೋಡುತ್ತಿದ್ದಾಗ ಅಜ್ಜಿಯ ಮಗನ ಫೋನು ಬಂತು.

"ಬಾಯಾರ, ಅವ್ವಗ ಪೂರಾ ಅರಳು ಮರಳು ಆಗೇತ್ರಿ. ಸತ್ತ ನಮ್ಮಪ್ಪಗ ಊಟದ ತಾಟ ಹಚ್ಚಿ ಕುಂತಾಳ. ನಮ್ಮನ್ನ ಗುರ್ತಾನ ಹಿಡೀವಲ್ಲಳು."

"ಯಾವಾಗಿಂದ?"

"ನಿನ್ನಿಯಿಂದ್ರಿ. ಮಂದಿ ಚಂದಗುಳಿ ಗುಡಿಗೆ ಕರ್ಕೊಂಡ್ಹೋಗಿ ಗಣಪ್ಪಗ ಘಂಟಿ ಬೇಡ್ಕೋರಿ ಅನ್ನಾಕ ಹತ್ಯಾರ."

"ಘಂಟೆ ಆಮೇಲೆ ಕಟ್ಟಿ. ಈಗ ಗಾಡಿ ಮಾಡಿ ಸೀದಾ ಸಿರ್ಸಿಗೆ ಬನ್ನಿ. ದಾರಿಯಲ್ಲಿ ನೀರು ಗೀರು ಕುಡಿಸಬೇಡಿ."

ಒಂದು ದಿನದಲ್ಲಿ ಬಂದದ್ದು ಅರಳು ಮರಳು ಅಲ್ಲ, ಸೋಡಿಯಂ ಇಳಿದಿರಬೇಕು. ಸಿದ್ದಾಪುರದ ಕೋಣೆಯ ಬಾಗಿಲಲ್ಲಿ ಇನ್ನೂ ಮಂದಿ ಕೂತಿದ್ದರು. ಮುಂದಿನ ವಾರ ಬನ್ನಿ ಎಂದು ಕೈ ಮುಗಿದು ಹೊರಟೆ. ಕಾರಿನಲ್ಲಿ ಉದ್ದಕ್ಕೂ ನನ್ನನ್ನು ನಾನೇ ಕೇಳಿಕೊಂಡದ್ದು ಒಂದೇ: ಬಿಪಿ ಗುಳಿಗೆ ಬದಲಿಸಿದ್ದೇನೆ, ಔಷಧ ಕೊಟ್ಟದ್ದು ಚೂರೇ ಚೂರು, ಅಷ್ಟಕ್ಕೆ ಇಷ್ಟು ಹೇಗೆ ಇಳಿಯಿತು?

ಯಲ್ಲಾಪುರ ದಾಟುವಾಗ ಅವರಿಗೆ ಫಿಟ್ಸ್ ಬಂದಿತ್ತು. ಸಿರ್ಸಿಯ ಆಸ್ಪತ್ರೆಗೆ ತಂದಾಗ ಬಾಯಂಚಿನಲ್ಲಿ ರಕ್ತ, ನಾಲಗೆ ಕಚ್ಚಿಕೊಂಡಿದ್ದರು. ಸೋಡಿಯಂ ಎಷ್ಟು ಕೆಳಗಿತ್ತೆಂದರೆ, ಲ್ಯಾಬಿನವರು ನಂಬದೆ ಇನ್ನೊಮ್ಮೆ ರಕ್ತ ಕಳಿಸಿ ಎಂದರು. ಎರಡನೆಯದೂ ಅಷ್ಟೇ. ಫಿಸಿಶಿಯನ್ ಉಪ್ಪಿನ ಗಟ್ಟಿ ದ್ರಾವಣವನ್ನು ಹನಿ ಹನಿಯಾಗಿ ಬಿಟ್ಟರು. ಇಲ್ಲಿ ಅವಸರವೂ ಕೊಲ್ಲುತ್ತದೆ: ಇಳಿದ ಸೋಡಿಯಂ ಬೇಗ ಏರಿದರೆ ಮೆದುಳಿಗೆ ಎಂದೂ ವಾಸಿಯಾಗದ ಪೆಟ್ಟು ಬೀಳುತ್ತದೆ. ಏರಿಸು, ನಿಲ್ಲಿಸು, ರಕ್ತ ತೆಗೆ, ನೋಡು, ಮತ್ತೆ ಏರಿಸು. ಆ ಬಡಕಲು ತೋಳಿನಲ್ಲಿ ಸೂಜಿ ಚುಚ್ಚಲು ಜಾಗವೇ ಉಳಿಯಲಿಲ್ಲ. ನನಗೆ ಮಾಡಲು ಕೆಲಸವಿರಲಿಲ್ಲ, ಹೋಗಲು ಮನಸ್ಸೂ ಇರಲಿಲ್ಲ. ಭಯವಾಗಿತ್ತು.

ಮರುದಿನ ಬೆಳಿಗ್ಗೆ ವಾರ್ಡಿನ ಹೊರಗೆ ಸೊಸೆಯನ್ನು ಕೂರಿಸಿಕೊಂಡು ಮೊದಲಿನಿಂದ ಕೇಳುತ್ತ ಬಂದೆ. ನೀರು ಎಷ್ಟು ಕುಡಿಯುತ್ತಿದ್ದರು? ಗುಳಿಗೆ ಉಷ್ಣ ಎಂದು, ಮೇಲೆ ಬಿಸಿಲೆಂದು, ತಂಬಿಗೆ ತಂಬಿಗೆ ನೀರು ಕುಡಿಸಿದ್ದಾರೆ; ನೀರು ಹೆಚ್ಚಾದಷ್ಟೂ ರಕ್ತದ ಉಪ್ಪು ತೆಳುವಾಗುತ್ತದೆ. ಊಟಕ್ಕೆ ಏನು?

"ಗಂಜಿ, ತೆಳ್ಳನ ಬ್ಯಾಳಿಕಟ್ಟ. ಉಪ್ಪ ಇಲ್ಲದ್ದು."

"ಉಪ್ಪು ಇಲ್ಲದ್ದು? ಎಷ್ಟು ದಿನದಿಂದ?"

"ನಿಮ್ಮ ಕಡೆ ಬರೂಕಿಂತ ಮೊದಲಿಂದನೂ ಅತ್ತಿ ಉಪ್ಪು ಬಿಟ್ಟಿದ್ರಲ್ರಿ. ನಾವು ಬ್ಯಾಡ ಅಂದ್ರೂ ಕೇಳಿರಲಿಲ್ಲ." ಅವಳು ನನ್ನ ಮುಖ ನೋಡಿದಳು. "ನೀವೂ ಹೇಳಿದ್ರೆಲ್ರಿ, ಸಪ್ಪಗ ಇನ್ನೂ ಒಂದೂವರೆ ತಿಂಗಳು ನಡೀತೈತಿ, ಗಾಬರಿ ಬ್ಯಾಡ ಅಂತ. ಡಾಕ್ಟ್ರ ಹೇಳ್ಯಾರಂತ ಒಂದ ಹರಳ ಉಪ್ಪ ಬೀಳದಂಗ ನಾನ ನೋಡ್ಕೊಂಡೀನಿ."

ಎಲ್ಲಾ ಸಪ್ಪಗ ಐತ್ರಿ. ಅವರು ಊಟದ ಮಾತಿಗೆ ಊಟದ ಉತ್ತರವನ್ನೇ ಕೊಟ್ಟಿದ್ದರು. ಉಪ್ಪಿನ ಋಣ ತೀರಿತು ಎಂದಾಗಲೂ ಅಲಂಕಾರ ಮಾಡಿರಲಿಲ್ಲ: ದುಡಿಯದ ಬಾಯಿಗೆ ಈ ಮನೆಯ ಉಪ್ಪು ಬೇಡವೆಂದು ನಿಜವಾಗಿಯೇ ಬಿಟ್ಟಿದ್ದರು. ಕನ್ನಡದಲ್ಲಿ ಸಪ್ಪಗಿರುವುದು ಮನಸ್ಸೂ ಹೌದು, ಸಾರೂ ಹೌದು. ನಾನು ಮನಸ್ಸಿನ ಡಾಕ್ಟರು, ಮನಸ್ಸನ್ನಷ್ಟೇ ಕೇಳಿಸಿಕೊಂಡೆ. ಆ ಸೊಸೆ ನನ್ನ ಮಾತಿಗೆ ತಪ್ಪದೆ ನಡೆದಿದ್ದಳು. ಅವಳ ತಪ್ಪಿಲ್ಲ, ಶಬ್ದವೇ ನಮ್ಮಿಬ್ಬರಿಗೂ ಮೋಸ ಮಾಡಿತು ಎಂದು ಬಿಡಿಸಿ ಹೇಳಿದೆ. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಅಜ್ಜಿಗೆ ನಿಧಾನಕ್ಕೆ ಪ್ರಜ್ಞೆ ತಿಳಿಯಾಯಿತು. ಮೊದಲು ಕೇಳಿದ್ದು ಸಂಚಿ. ಎಲೆಯಡಿಕೆ ಆಸೆ ಮರಳಿತೆಂದು ಮಗ ಹಿಗ್ಗಿ ಮನೆಯಿಂದ ತರಿಸಿ ತಲೆದಿಂಬಿನ ಕೆಳಗಿಟ್ಟ. ನಾನೂ ಒಳ್ಳೆಯ ಸೂಚನೆ ಎಂದುಕೊಂಡೆ.

ಆದರೆ ಸೋಡಿಯಂ ಏರಿದ್ದಕ್ಕೆ ಖಿನ್ನತೆ ಏಕೆ ಇಳಿಯಬೇಕು? ಅದು ಇದ್ದಲ್ಲೇ ಇತ್ತು, ಇನ್ನೂ ಗಟ್ಟಿಯಾಗಿತ್ತು. "ನನ್ನ ಯಾಕ ಉಳಿಸಿದ್ರಿ?" ಎಂದದ್ದು ಬಿಟ್ಟರೆ ಮಾತಿಲ್ಲ. ಗಂಜಿಯ ಬಟ್ಟಲು ಮುಂದೆ ತಂದರೆ ತುಟಿ ಬಿಗಿ. ಉಪ್ಪು ಹಾಕಿದ್ದಾರೆಂದು ಗೊತ್ತಾದರೆ ಮುಖವೇ ಆ ಕಡೆ. ಹೀಗೇ ಬಿಟ್ಟರೆ ಸ್ವಲ್ಪ ದಿನದಲ್ಲಿ ಹೋಗುತ್ತಾರೆ ಎಂಬುದು ಎಲ್ಲರಿಗೂ ಕಾಣುತ್ತಿತ್ತು.

ಇಂಥ ಹೊತ್ತಿಗೆ ಎಲ್ಲಕ್ಕಿಂತ ಬೇಗ ಕೆಲಸ ಮಾಡುವುದು ಅರಿವಳಿಕೆ ಕೊಟ್ಟು ಮಾಡುವ ವಿದ್ಯುತ್ ಚಿಕಿತ್ಸೆ. ಅದಕ್ಕೆ ದೊಡ್ಡ ಊರಿಗೆ ಒಯ್ಯಬೇಕು. ಮಗನಿಗೆ ಹೇಳಿ ನೋಡಿದೆ.

"ಗುಳಿಗಿ ಕೊಟ್ಟ ಈ ಗತಿ ಮಾಡೀರಿ, ಇನ್ನ ಕರೆಂಟ್ ಕೊಡ್ತೀರೇನು? ಕೈ ಮುಗೀತೀನಿ, ಗುಳಿಗೀನೂ ಬ್ಯಾಡ, ಕರೆಂಟೂ ಬ್ಯಾಡ. ಮನಿಗೆ ಒಯ್ತೇನಿ."

ಅವನ ಸಿಟ್ಟು ನ್ಯಾಯವಾಗಿಯೇ ಇತ್ತು. ಫಿಸಿಶಿಯನ್ನರೂ ಅವನ ಪಾಲಿಗೇ ಸೇರಿದರು. ಅವರೂ ನಾನೂ ಮನೆಮಾತಿನಲ್ಲೇ ಜಗಳವಾಡುವವರು.

"ನೋಡು, ಮತ್ತೊಂದು ಗುಳಿಗೆ ಕೊಡಡ. ಎಂಗೆ ಧೈರ್ಯ ಇಲ್ಲೆ" ಎಂದು ತಡೆದರು.

"ಕೊಡದೇ ಇದ್ರೆ ಎಂತಾಗ್ತು, ಗೊತ್ತಿದ್ದ ನಿಂಗೆ?"

ಅವರಿಗೆ ಗೊತ್ತಿತ್ತು.

ನಾನು ಆರಿಸಿದ್ದು ಮಿರ್ಟಜಪಿನ್, ಅರ್ಧ ಗುಳಿಗೆ, ಮಲಗುವ ಮುನ್ನ. ಮೊದಲು ಹೆದರಿ ಬಿಟ್ಟಿದ್ದ ತೂಕಡಿಕೆಯೇ ಈಗ ಬೇಕಾಗಿತ್ತು, ಹಸಿವೂ ಬೇಕಾಗಿತ್ತು. ಬೀಳುವ ಭಯಕ್ಕೆ ಮಂಚದ ಬದಲು ನೆಲದ ಹಾಸಿಗೆ, ಬಚ್ಚಲಿಗೆ ಹೋಗುವಾಗ ಕೈ ಹಿಡಿಯಲು ಸೊಸೆ. ಮನೆಗೆ ಕಳಿಸುವ ಮೊದಲು ಮೂರು ದಿನಕ್ಕೊಮ್ಮೆ ರಕ್ತ, ಆಮೇಲೆ ವಾರಕ್ಕೊಮ್ಮೆ. ನೀರಿಗೆ ಅಳತೆ. ಇಷ್ಟಕ್ಕೆ ಫಿಸಿಶಿಯನ್ ಗೊಣಗುತ್ತ ಒಪ್ಪಿದರು. ಮಗನನ್ನು ಒಪ್ಪಿಸಿದವಳು ಸೊಸೆ. "ಸಪ್ಪನ ಗಂಜಿ ಉಣಿಸಿದಾಕಿ ನಾನು. ಇದನ್ನೂ ನಾನ ಉಣಸ್ತೀನಿ, ಮತ್ತೇನರ ಆದರ ನನ್ನ ಮ್ಯಾಲಿರಲಿ" ಎಂದಳು. ಅವನು ಹೊರಗೆ ಹೋಗಿ ಆಸ್ಪತ್ರೆಯ ಕಟ್ಟೆಯ ಮೇಲೆ ಕೂತ.

ಆದರೆ ಉಪ್ಪು? ಗುಳಿಗೆ ಹಿಡಿಯಲು ವಾರಗಳು ಬೇಕು, ಅಲ್ಲಿಯವರೆಗೆ ಉಪ್ಪಿಲ್ಲದೆ ಆಗದು. ನೀನೇ ಕಟ್ಟಿದ ಖಾನಾವಳಿ, ನಿನ್ನದೇ ಉಪ್ಪು ಎಂದು ಮಗ ಕಾಲು ಹಿಡಿದು ಹೇಳಿದ್ದಾಯಿತು. ಖಿನ್ನತೆಯ ಮುಂದೆ ನ್ಯಾಯ ಹೇಳುವುದೆಂದರೆ ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ. ಹೇಳಿ ಹೇಳಿ ನನಗೂ ಸಾಕಾಗಿತ್ತು. ಎದ್ದು ಆಸ್ಪತ್ರೆಯ ಎದುರಿನ ಕಿರಾಣಿ ಅಂಗಡಿಯಿಂದ ಒಂದು ಸಣ್ಣ ಪಾಕೀಟು ಉಪ್ಪು ತಂದು ಅವರ ಹಾಸಿಗೆಯ ಮೇಲಿಟ್ಟೆ.

"ಇದು ನಿಮ್ಮ ಮನೆ ಉಪ್ಪಲ್ಲ ಅಮ್ಮ. ನನ್ನದು. ಇದರ ಋಣ ನಿಮ್ಮ ಮನೆಗೆ ಬರೋದಿಲ್ಲ. ಗುಳಿಗೆ ಜೊತೆ ಇದನ್ನೂ ಔಷಧ ಅಂತ ಬರೆದಿದ್ದೇನೆ."

ಅವರು ಪಾಕೀಟನ್ನು ಬಹಳ ಹೊತ್ತು ನೋಡಿದರು.

"ನಿಮ್ಮದ?"

"ನನ್ನದೇ."

ಅಂದು ಮಧ್ಯಾಹ್ನ ನಾಲ್ಕು ಚಮಚ ಗಂಜಿ ಒಳಗೆ ಹೋಯಿತು. ನಾಲ್ಕೇ. ಸೊಸೆ ಓಡಿ ಬಂದು ಹೇಳಿದಳು. ಫಿಸಿಶಿಯನ್ ಮಾತ್ರ, ಬಿಪಿಯವರಿಗೆ ಉಪ್ಪು ಬರೆದುಕೊಟ್ಟ ಡಾಕ್ಟರನ್ನು ನಾನು ಈ ಜನ್ಮದಲ್ಲಿ ನೋಡಿರಲಿಲ್ಲ ಎಂದು ಕಿಚಾಯಿಸಿದರು.

ಆಮೇಲಿನದು ಚುರುಕಾದ ಕತೆಯಲ್ಲ. ಮನೆಗೆ ಹೋದರು. ಸೋಡಿಯಂ ನಿಂತಿತು. ತೂಕಡಿಕೆ ಮೊದಲು ಬಹಳ, ಆಮೇಲೆ ಕಡಿಮೆ. ಒಂದು ವಾರ ಏಳುತ್ತಿದ್ದರು, ಮುಂದಿನ ವಾರ ಮತ್ತೆ ಗೋಡೆಗೇ ಮುಖ. ಅರ್ಧ ಗುಳಿಗೆ ಒಂದಾಯಿತು. ನನ್ನ ಪಾಕೀಟನ್ನು ಅಡುಗೆಮನೆಯಲ್ಲಿ ಬೇರೆ ಡಬ್ಬಿಗೆ ಹಾಕಿಟ್ಟು, ತಮ್ಮ ಊಟಕ್ಕೆ ಅದರದ್ದೇ ಆಗಬೇಕೆಂದು ಕಾವಲು ಕೂರುತ್ತಿದ್ದರಂತೆ. ಒಲೆಯ ಹತ್ತಿರ ಬಂದದ್ದು ಅಷ್ಟಕ್ಕೆ ಮಾತ್ರ. ಈಗ ನಾನು ಮೂರೂ ಊರಿನಲ್ಲಿ ವಯಸ್ಸಾದ ಪ್ರತಿಯೊಬ್ಬರನ್ನೂ ಗುಳಿಗೆ ಬರೆಯುವ ಮೊದಲು ಕೇಳುತ್ತೇನೆ: ಸಾರಿಗೆ ಉಪ್ಪು ಹಾಕಿಕೊಳ್ಳುತ್ತೀರಾ, ದಿನಕ್ಕೆ ಎಷ್ಟು ತಂಬಿಗೆ ನೀರು? ಇವಳ್ಯಾವ ಸೀಮೆ ಮನಸ್ಸಿನ ಡಾಕ್ಟರು ಎಂದು ಕೆಲವರು ನಗುತ್ತಾರೆ. ನಗಲಿ.

ಮಳೆ ಹಿಡಿಯುವ ಮುಂಚಿನ ಒಂದು ಭೇಟಿಯಲ್ಲಿ ಅಜ್ಜಿ ಯಲ್ಲಾಪುರದ ಕೋಣೆಗೆ ತಾವೇ ನಡೆದು ಬಂದರು. ಕುಪ್ಪಸದ ತೋಳು ಸ್ವಲ್ಪ ತುಂಬಿತ್ತು. ಮಗ, ಸೊಸೆ ಇಬ್ಬರಿಗೂ ಹೊರಗೆ ಹೋಗಿ ಎಂದು ಸನ್ನೆ ಮಾಡಿದರು. ಬಾಗಿಲು ಮುಚ್ಚಿದ ಮೇಲೆ ಸೊಂಟದ ಸಂಚಿ ತೆಗೆದು, ದಾರ ಬಿಚ್ಚಿ, ನನ್ನ ಮೇಜಿನ ಮೇಲೆ ಬೋರಲು ಸುರಿದರು.

ಒಂದು ಎಲೆಯಿಲ್ಲ, ಅಡಿಕೆಯಿಲ್ಲ. ಹಳೆಯ ನಿದ್ದೆ ಗುಳಿಗೆಯ ಸ್ಟ್ರಿಪ್ಪುಗಳು, ಗುಳಿಗೆ ಸಮೇತ. ನಿಲ್ಲಿಸಿ ಎಂದಿದ್ದೆನಲ್ಲ, ಮಗ ಒಗೆದೆನೆಂದಿದ್ದ, ಅವೇ. ಕಸದಿಂದ ಆರಿಸಿಕೊಂಡು ಇಟ್ಟಿದ್ದರು; ಒಟ್ಟಿಗೆ ನುಂಗಿದರೆ ಹೃದಯ ನಿಲ್ಲುವಷ್ಟಿದ್ದವು. ಮೊದಲ ದಿನ ನನ್ನೆದುರು ಕೂತು ಇಲ್ಲವೆಂದು ತಲೆಯಾಡಿಸಿದಾಗ ಕೈ ಇದ್ದದ್ದು ಇದರ ಮೇಲೆ. ಸಿರ್ಸಿಯ ಆಸ್ಪತ್ರೆಯಲ್ಲಿ, ನಾವೆಲ್ಲ ಹಿಗ್ಗಿ ತಲೆದಿಂಬಿನ ಕೆಳಗೆ ಇಟ್ಟುಕೊಟ್ಟದ್ದೂ ಇದನ್ನೇ.

"ಒಂದೂ ತಗೊಂಡಿಲ್ರಿ" ಎಂದರು. "ಅವತ್ತ ದವಾಖಾನ್ಯಾಗ ತಗೋಬೇಕು ಅಂತಿದ್ದೆ. ನೀವು ಉಪ್ಪ ತಂದ ಇಟ್ರಿ."

ನಾನು ಗುಳಿಗೆಗಳನ್ನು ಒಂದೆಡೆ ಕೂಡಿಸಿದೆ.

"ನಿಮ್ಮ ಉಪ್ಪ ಉಂಡೀನಿ. ಉಂಡಾಕಿ ನಿಮಗ ಎರಡ ಬಗೀಬಾರದು. ಅದಕ್ಕ ತಂದೀನಿ, ಇಟ್ಕೋರಿ."

ಎಲ್ಲವನ್ನೂ ಡ್ರಾಯರಿಗೆ ಹಾಕಿ ಬೀಗ ಹಾಕಿದೆ.

"ಈಗ ಜೀವ ಬೇಕು ಅನ್ನಿಸ್ತದಾ ಅಮ್ಮ?"

ಅವರು ಯೋಚಿಸಿದರು. ನನ್ನನ್ನು ಸಮಾಧಾನ ಮಾಡಲು ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ.

"ಇನ್ನೂ ಇಲ್ರಿ." ಖಾಲಿ ಸಂಚಿಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು. "ಉಪ್ಪ ತೀರಾಕ ಬಂದೈತಿ. ಇನ್ನೊಂದು ಪಾಕೀಟು ಕೊಡ್ರಿ."

ಹೊರಗೆ ಸರದಿಯಲ್ಲಿ ಕೂತವರಿಗೆ ಒಂದು ನಿಮಿಷ ತಾಳಿ ಎಂದು ಹೇಳಿ, ನಾನೇ ಎದ್ದು ಅಂಗಡಿಗೆ ಹೋದೆ.